ಬಾಣಂತಿ ಗೆದ್ದ ವರ್ಷ

ನಮ್ಮತ್ತೆಗೆ ಕಣ್ಣಿನ ಪೊರೆ ತೆಗೆಸಿದ್ದು ಬೇಸಿಗೆಯ ಕೊನೆಯಲ್ಲಿ. ತಿಪಟೂರಿನ ಆಸ್ಪತ್ರೆಯಲ್ಲಿ ಕಪ್ಪು ಕನ್ನಡಕ ಹಾಕಿ ಕಳಿಸುವಾಗ ನರ್ಸಮ್ಮ ನನ್ನನ್ನು ಪಕ್ಕಕ್ಕೆ ಕರೆದು, ಬಗ್ಗಬಾರದು, ಒಲೆಯ ಹೊಗೆಗೆ ಹೋಗಬಾರದು, ತಲೆಗೆ ನೀರು ಬೀಳಬಾರದು, ಸ್ವಲ್ಪ ದಿನ ಟಿವಿ ಫೋನು ಏನೂ ಬೇಡ ಎಂದು ಒಂದೊಂದಾಗಿ ಹೇಳಿದರು. ಎಲ್ಲಕ್ಕೂ ಹೂಂ ಎಂದು ಬಂದೆ. ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ. ಇವರನ್ನು ಮನೆಯಲ್ಲಿ ಸುಮ್ಮನೆ ಕೂರಿಸುವುದು ಹೇಗೆ?

ಎಪ್ಪತ್ತು ದಾಟಿದ್ದರೂ ಅತ್ತೆ ಸುಮ್ಮನೆ ಕೂತದ್ದನ್ನು ನಾನು ಕಂಡಿರಲಿಲ್ಲ. ಬೆಳಗಿನ ಜಾವ ನನಗಿಂತ ಮೊದಲು ಎದ್ದು ತೋಟಕ್ಕೆ ಹೋಗಿ, ಬಿದ್ದ ಕಾಯಿ ಆಯ್ದು ಗುಡ್ಡೆ ಹಾಕಿ, ಬರುವಾಗ ಒಂದೆರಡು ಸೋಗೆ ಎಳೆದುಕೊಂಡೇ ಬರುವವರು. ಆಪರೇಷನ್ ಆದ ಮರುದಿನವೂ ಅದೇ ಹೊತ್ತಿಗೆ ಎದ್ದರು. ಎದ್ದು ಮಾಡುವುದಕ್ಕೇನೂ ಇರಲಿಲ್ಲ. ಗೋಡೆ ಹಿಡಿದುಕೊಂಡು ಕೊಟ್ಟಿಗೆಯ ಬಾಗಿಲಿಗೆ ಬಂದು, ಅಲ್ಲಿದ್ದ ಕಲ್ಲುಹಾಸಿನ ಮೇಲೆ ಕಪ್ಪು ಕನ್ನಡಕದಲ್ಲಿ ಕುಳಿತರು.

ಬೆಳಗಿನ ಕೊಟ್ಟಿಗೆ ಕೆಲಸ ನನ್ನದು. ಅಲ್ಲಿ ಒಂದು ಕಿಟಕಿ, ಕಿಟಕಿಯಲ್ಲಿ ಹಿಂಡಿಯ ಡಬ್ಬ. ಡಬ್ಬಕ್ಕೆ ಒರಗಿಸಿ ಫೋನ್ ಇಟ್ಟರೆ ಹಾಲು ಕರೆಯುವಾಗ ಪರದೆ ನೇರವಾಗಿ ಕಾಣುತ್ತದೆ. ಕೆಲವು ವರ್ಷಗಳಿಂದ ನಾನು ಅದರಲ್ಲಿ ಬ್ಯಾಸ್ಕೆಟ್‌ಬಾಲ್ ನೋಡುತ್ತಿದ್ದೆ. ಅಮೆರಿಕದ ಹೆಣ್ಣುಮಕ್ಕಳ ಪಂದ್ಯಗಳು. ಅವರಿಗೆ ಸಂಜೆಯಾದಾಗ ನಮಗೆ ಬೆಳಗಿನ ಜಾವ. ಹಸುವಿಗೂ ನನಗೂ ಅದೇ ಅನುಕೂಲದ ಹೊತ್ತು. ಇದು ಮನೆಯಲ್ಲಿ ಯಾರಿಗೂ ತಿಳಿಯದ ವಿಷಯವೇನಲ್ಲ, ಆದರೆ ಯಾರೂ ಕೇಳಿದವರಲ್ಲ. ನನ್ನ ಗಂಡನಿಗೆ ಕ್ರಿಕೆಟ್ಟು ಬಿಟ್ಟರೆ ಬೇರೆಯದು ಆಟವೇ ಅಲ್ಲ. ಅತ್ತೆಗೆ ಪೊರೆ ಬಂದ ಕಣ್ಣಿನಲ್ಲಿ ಫೋನು ಒಂದು ಬೆಳಕಿನ ಚೌಕ ಅಷ್ಟೆ.

ಈ ಆಟದ ಹುಚ್ಚು ಹತ್ತಿದ್ದು ಹೈಸ್ಕೂಲಿನಲ್ಲಿ. ನಾನು ಕಂದಿಕೆರೆ ಕಡೆಯ ಹುಡುಗಿ, ಓದಿಗೆಂದು ತಿಪಟೂರಿನ ಹಾಸ್ಟೆಲಿಗೆ ಸೇರಿದ್ದೆ. ನಮ್ಮ ಪಿ.ಟಿ. ಮೇಷ್ಟ್ರು ಪ್ರಾರ್ಥನೆಯ ಸಾಲಿನಲ್ಲಿ ತಲೆಗಳನ್ನು ನೋಡಿಕೊಂಡು ಬಂದು, ಎತ್ತರ ಇದ್ದವರನ್ನೆಲ್ಲ ಎಳೆದು ಬ್ಯಾಸ್ಕೆಟ್‌ಬಾಲಿಗೆ ಹಾಕಿದರು. ಹಾಗೆ ಸೇರಿದ ನಾನು ಮತ್ತು ನನ್ನ ಗೆಳತಿ ಇಬ್ಬರೂ ಜಿಲ್ಲಾಮಟ್ಟದವರೆಗೆ ಆಡಿದೆವು. ಆಮೇಲೆ ಗೆಳತಿ ಪಿ.ಟಿ. ಟೀಚರಾಗಿ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶಾಲೆಯೊಂದಕ್ಕೆ ಹೋದಳು, ನಾನು ಮದುವೆಯಾಗಿ ಹೊನ್ನವಳ್ಳಿ ಪಕ್ಕದ ಈ ಊರಿಗೆ ಬಂದೆ. ಅಮೆರಿಕದಲ್ಲಿ ಹೆಂಗಸರು ಇದನ್ನೇ ಉದ್ಯೋಗವಾಗಿ ಆಡುತ್ತಾರೆ ಎಂದು ಹೇಳಿ, ನನ್ನ ಫೋನಿಗೆ ಆ ಪಂದ್ಯಗಳನ್ನು ಹಾಕಿಕೊಟ್ಟವಳೂ ಅವಳೇ.

ನಾನು ಮೊದಲು ನೋಡಿದ ಪಂದ್ಯದಲ್ಲಿ ಕೆಂಪು ಅಂಗಿಯ ತಂಡ ಹೀನಾಯವಾಗಿ ಸೋತಿತು. ಎಲ್ಲರೂ ತಲೆ ತಗ್ಗಿಸಿಕೊಂಡು ಒಳಗೆ ಹೋದರು. ಒಬ್ಬಳು ಮಾತ್ರ ನಿಂತು, ಉಳಿದವರು ಕುರ್ಚಿಗಳ ಮೇಲೆ ಎಸೆದುಹೋದ ಟವೆಲ್ಲುಗಳನ್ನು ಮಡಿಸಿಡುತ್ತಿದ್ದಳು. ಅದಕ್ಕೆ ಆಳುಗಳಿರುತ್ತಾರೆ, ಅವಳು ಮಾಡಬೇಕಾಗಿರಲಿಲ್ಲ. ಆವತ್ತಿನಿಂದ ಆ ತಂಡ ನನ್ನದಾಯಿತು. ಅವರು ಪ್ರತಿವರ್ಷ ಸೋಲುತ್ತಿದ್ದರು, ನಾನು ಪ್ರತಿವರ್ಷ ನೋಡುತ್ತಿದ್ದೆ. ನಡುವೆ ಒಂದು ವರ್ಷ ಅವಳು ಆಡಲಿಲ್ಲ, ಹೆರಿಗೆಗೆ ಹೋಗಿದ್ದಳು. ಮತ್ತೆ ಬಂದದ್ದು ಅತ್ತೆಯ ಕಣ್ಣಿನ ಆಪರೇಷನ್ ಆದ ಅದೇ ಬೇಸಿಗೆಯಲ್ಲಿ.

ಆ ಮೊದಲ ಬೆಳಗ್ಗೆ ನಾನು ಹಾಲು ಕರೆಯುತ್ತಾ, ಅಭ್ಯಾಸದಂತೆ ಬಾಯಲ್ಲೇ “ಹಾಕು, ಹಾಕು” ಎನ್ನುತ್ತಿದ್ದೆನಂತೆ.

“ಯಾರಿಗೆ ಹಾಕು ಅಂತಿದ್ದೀಯ ಕಣೇ? ಹಿಂಡಿ ಆಗ್ಲೇ ಹಾಕಿದ್ಯಲ್ಲ,” ಎಂದರು ಅತ್ತೆ.

ಆಟ ನೋಡುತ್ತಿದ್ದೇನೆ ಎಂದೆ. ಎಂಥ ಆಟ ಎಂದರು. ಚೆಂಡನ್ನು ಎತ್ತರದ ಬುಟ್ಟಿಗೆ ಹಾಕುವ ಆಟ, ಹಾಕಿದರೆ ಎರಡು, ದೂರದಿಂದ ಹಾಕಿದರೆ ಮೂರು ಎಂದೆ. ಬುಟ್ಟಿ ತುಂಬಿದ ಮೇಲೆ ಏನು ಮಾಡುತ್ತಾರೆ ಎಂದು ಕೇಳಿದರು. ತುಂಬುವುದಿಲ್ಲ ಅತ್ತೆ, ಬುಟ್ಟಿಗೆ ತಳ ಇಲ್ಲ ಎಂದೆ. ಅತ್ತೆ, ತಳ ಇಲ್ಲದ ಬುಟ್ಟಿಗೆ ಹಾಕುವುದಾದರೆ ಅದು ನಮ್ಮ ಮನೆಯ ಕೆಲಸದ ಹಾಗೆಯೇ ಆಯಿತಲ್ಲ ಎಂದು ನಕ್ಕರು. ಬೇಸರ ಕಳೆಯಲಿ, ಏನಾಗುತ್ತಿದೆ ಹೇಳು ಎಂದು ಅವರೇ ಕೇಳಿದರು.

ಹೇಳತೊಡಗಿದೆ. ಅಲ್ಲಿನವರ ಹೆಸರುಗಳು ನನ್ನ ನಾಲಿಗೆಯಲ್ಲೇ ಸರಿಯಾಗಿ ಹೊರಳುತ್ತಿರಲಿಲ್ಲ, ಅತ್ತೆಗೆ ಹೇಗೆ ಹೇಳಲಿ? ಉದ್ದ ಜಡೆಯ ಪುಟ್ಟ ಹುಡುಗಿ ಚೆಂಡು ತಟ್ಟಿಕೊಂಡು ಬರುತ್ತಿದ್ದಾಳೆ ಎಂದೆ. ಅವಳು ಜಡೆಯವಳಾದಳು. ಎಲ್ಲರಿಗಿಂತ ಎತ್ತರದವಳು ಬುಟ್ಟಿಯ ಕೆಳಗೆ ಕೈ ಎತ್ತಿ ನಿಂತಿದ್ದಾಳೆ ಎಂದೆ. ನಿಂತಲ್ಲೇ ತೆಂಗಿನ ಗರಿ ಮುಟ್ಟುತ್ತಾಳಾ ಎಂದು ಕೇಳಿದರು. ಸಣ್ಣ ಗಿಡದ್ದಾದರೆ ಮುಟ್ಟಿಯಾಳು ಎಂದೆ. ಅವಳು ಗರಿಯವಳು. ಇನ್ನೊಬ್ಬಳು ಮಗು ಹೆತ್ತು ಈಗ ತಾನೆ ಆಟಕ್ಕೆ ಬಂದವಳು ಎಂದೆ. ಮಗುವಿಗೆ ಆಗಲೇ ವರ್ಷ ತುಂಬಿದೆ ಎಂದು ಎಷ್ಟು ಸಲ ಹೇಳಿದರೂ ಅತ್ತೆಗೆ ಅವಳು ಬಾಣಂತಿಯೇ.

“ಬಾಣಂತೀನ ಯಾಕವ್ವ ಇಷ್ಟು ಓಡಿಸ್ತಾರೆ? ಮನೇಲಿ ಹಿರಿಯರಿಲ್ವ ಅವ್ಳಿಗೆ?”

ಆ ದಿನ ಕೆಂಪು ತಂಡ ಗೆದ್ದಿತು. ಮರುದಿನ ಅತ್ತೆ ನನಗಿಂತ ಮೊದಲೇ ಕಲ್ಲುಹಾಸಿನ ಮೇಲೆ ಕೂತಿದ್ದರು. ಇವತ್ತು ಆಟ ಇಲ್ಲ ಅತ್ತೆ ಎಂದಾಗ, ನಾನೇ ಏನೋ ಬಚ್ಚಿಡುತ್ತಿದ್ದೇನೆ ಎಂಬಂತೆ ಮುಖ ಮಾಡಿದರು.

ಹೀಗೆ ಶುರುವಾಯಿತು. ವಾರಕ್ಕೆ ಎರಡೋ ಮೂರೋ ಬೆಳಗು ಪಂದ್ಯ. ನಾನು ಹಾಲು ಕರೆಯುತ್ತಾ ಹೇಳುವುದು, ಅವರು ಕೇಳುವುದು. ಅದುವರೆಗೆ ನಾನೂ ಅತ್ತೆಯೂ ಮಾತಾಡಿದ್ದು ಕೆಲಸದ ಮಾತೇ ಹೆಚ್ಚು. ಕಾಯಿ ಕೀಳಿಸುವುದು ಯಾವಾಗ, ಹಿಟ್ಟು ಬೀಸಿಸಿದೆಯಾ, ಬೋರಿನಲ್ಲಿ ನೀರು ಸರಿಯಾಗಿ ಬರುತ್ತಿದೆಯಾ, ಅಷ್ಟೆ. ಜಗಳವಿರಲಿಲ್ಲ, ಸಲಿಗೆಯೂ ಇರಲಿಲ್ಲ. ಈಗ ಅವರು ಗರಿಯವಳಿಗೆ ಗಂಡು ಸಿಕ್ಕಿತಾ, ಜಡೆಯವಳು ಆ ಜಡೆಗೆ ಏನೆಣ್ಣೆ ಹಚ್ಚುತ್ತಾಳೆ, ಸಂಜೆಯ ಹೊತ್ತು ಇವರೆಲ್ಲ ಆಡಲು ಬಂದರೆ ಮನೆಯಲ್ಲಿ ಒಲೆ ಹಚ್ಚುವವರು ಯಾರು ಎಂದೆಲ್ಲ ಕೇಳುತ್ತಿದ್ದರು. ಗೊತ್ತಿದ್ದಕ್ಕೆ ಉತ್ತರ ಹೇಳುತ್ತಿದ್ದೆ. ಗೊತ್ತಿಲ್ಲದಿದ್ದಕ್ಕೂ ಹೇಳುತ್ತಿದ್ದೆ.

ತಂಡವೋ, ನಾನು ನೋಡಿದ ಅಷ್ಟೂ ವರ್ಷ ಇಲ್ಲದ ಹಾಗೆ ಗೆಲ್ಲುತ್ತಿತ್ತು. ಒಂದರ ಮೇಲೊಂದು. ಹೊಸ ಕೋಚು ಬಂದಿದ್ದಾರೆ, ಜಡೆಯವಳು ಪಳಗಿದ್ದಾಳೆ ಎಂದು ಗೆಳತಿ ಫೋನಿನಲ್ಲಿ ಕಾರಣ ಹೇಳಿದಳು. ಅತ್ತೆಗೆ ಅದೆಲ್ಲ ಬೇಕಿರಲಿಲ್ಲ. ತಾನು ಕೇಳಲು ಕೂತ ಮೇಲೆ ಗೆಲ್ಲುತ್ತಿದ್ದಾರೆ ಎಂಬುದು ಅವರಿಗೆ ಖಚಿತವಾಗಿತ್ತು, ಮತ್ತು ಅದನ್ನು ಡೈರಿಯಲ್ಲಿ ಹಾಲು ಹಾಕಲು ಬಂದ ಹೆಂಗಸರಿಗೆಲ್ಲ ಹೇಳಿಯೂ ಬಿಟ್ಟಿದ್ದರು. ನಾನು ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತರೆ ಮುಂದಿದ್ದವರು ತಿರುಗಿ, ಇವತ್ತು ನಿಮ್ಮೋರು ಗೆದ್ರಾ ಎನ್ನುವರು. ಯಾರು, ಯಾವ ಊರು, ಏನಾಟ ಎಂದು ಅವರಿಗೆ ಗೊತ್ತಿರಲಿಲ್ಲ. ಗೆದ್ದರು ಎಂದರೆ ಸಾಕು, ಸಂತೋಷಪಡುತ್ತಿದ್ದರು.

ಡಾಕ್ಟರು ಮತ್ತೆ ನೋಡಿ, ಇನ್ನು ಎಲ್ಲ ನೋಡಬಹುದು ಎಂದ ಮೇಲೆ ಅತ್ತೆ ಮೊದಲು ನೋಡಲು ಕೇಳಿದ್ದು ಆ ಆಟವನ್ನೇ. ಕಿಟಕಿಯ ಹತ್ತಿರಕ್ಕೆ ಸ್ಟೂಲು ಹಾಕಿಕೊಟ್ಟೆ. ಬಹಳ ಹೊತ್ತು ನೋಡಿದರು. ನಾನು ಒಳ್ಳೆಯ ಮಾತಿಗೆ ಕಾದಿದ್ದೆ.

“ನೀ ಹೇಳ್ದಂಗಿಲ್ಲ ಕಣೇ. ಏನಿದು, ಇರುವೆ ಗೂಡಿಗೆ ಕಾಲಿಟ್ಟಂಗೆ ಓಡಾಡ್ತಾವ್ರೆ. ಯಾರು ಯಾರು ಅಂತ್ಲೇ ತಿಳಿಯಕಿಲ್ಲ.”

ನನ್ನ ಬಾಯಿಯಿಂದ ಕೇಳಿ ಅವರು ಮನಸ್ಸಿನಲ್ಲಿ ಬೇರೆಯದೇ ಆಟ ಕಟ್ಟಿಕೊಂಡಿದ್ದರು. ಅದರಲ್ಲಿ ಅಂಗಳ ನಮ್ಮ ಕಣದಷ್ಟು ದೊಡ್ಡದಿತ್ತು. ಬಾಣಂತಿ ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಳು. ಅದಕ್ಕೇ ಬಾಣಂತಿಯನ್ನು ನಾನು ತೋರಿಸಿದಾಗ, ಈ ಚಳಿಗಾಳಿಯಲ್ಲಿ ತಲೆ ಬಿಟ್ಟುಕೊಂಡು ಆಡುತ್ತಾಳಲ್ಲ ಎಂದು ನೊಂದುಕೊಂಡರು. ಎರಡು ದಿನ ನೋಡಿ, ಮತ್ತೆ ಕಲ್ಲುಹಾಸಿಗೇ ಹೋಗಿ ಕೂತರು. ನೋಡುವುದಕ್ಕಿಂತ ನೀನು ಹೇಳುವುದೇ ಚೆನ್ನಾಗಿದೆ, ಹೇಳು ಎಂದರು. ಇದಕ್ಕಿಂತ ದೊಡ್ಡ ಮೆಚ್ಚುಗೆ ನನಗೆ ಆ ಮನೆಯಲ್ಲಿ ಅದುವರೆಗೆ ಸಿಕ್ಕಿರಲಿಲ್ಲ. ಹಾಲಿನ ಪಾತ್ರೆ ಎತ್ತಿಕೊಂಡು ಒಳಗೆ ಹೋಗಿ, ಸುಮ್ಮನೆ ಒಂದು ನಿಮಿಷ ಅಡುಗೆಮನೆಯಲ್ಲಿ ನಿಂತಿದ್ದೆ.

ರಾಗಿ ಪೈರು ಮೊಳಕಾಲುದ್ದ ಬಂದ ಸಮಯದಲ್ಲಿ ಕೆಟ್ಟ ಸುದ್ದಿ ಬಂತು. ಬಾಣಂತಿ ಎಗರಿ ಇಳಿಯುವಾಗ ಬೇರೆಯವಳ ಪಾದದ ಮೇಲೆ ಕಾಲಿಟ್ಟು ಹಿಮ್ಮಡಿಯ ಹತ್ತಿರ ಉಳುಕಿಸಿಕೊಂಡಳು. ಇಬ್ಬರು ಹೆಗಲು ಕೊಟ್ಟು ಹೊರಗೆ ಕರೆದೊಯ್ದರು. ನಾನು ಹೇಳುತ್ತಾ ಹೇಳುತ್ತಾ ಮಾತು ನಿಲ್ಲಿಸಿದೆ. ಅತ್ತೆ, ಏನಾಯ್ತು, ಏನಾಯ್ತು ಎಂದು ಎದ್ದು ಬಂದರು. ಹೇಳಿದೆ. ಆ ಪಂದ್ಯವೂ ಸೋತಿತು, ಅದರ ಮುಂದಿನದೂ ಸೋತಿತು. ಬಾಣಂತಿ ಇನ್ನು ಕೆಲವು ವಾರ ಆಡುವುದಿಲ್ಲವಂತೆ ಎಂದು ಗೆಳತಿ ಮೆಸೇಜು ಹಾಕಿದಳು.

ಅತ್ತೆ ಆ ಶುಕ್ರವಾರ ತಲೆಗೆ ನೀರು ಹಾಕಿಕೊಂಡು, ನನಗೆ ಹೇಳದೆ ಊರಮ್ಮನ ಗುಡಿಗೆ ಹೋದರು. ಪೂಜಾರಪ್ಪ ಯಾರ ಹೆಸರಿನಲ್ಲಿ ಅರ್ಚನೆ ಎಂದು ಕೇಳಿದ್ದಾರೆ. ಅತ್ತೆಗೆ ಅವಳ ಹೆಸರು ಗೊತ್ತಿಲ್ಲ. ಬಾಣಂತಿ, ಕಾಲು ನೋವಾಗಿದೆ, ಬೇಗ ಎದ್ದು ಓಡಾಡುವಂತಾಗಲಿ ಎಂದಿದ್ದಾರೆ. ಗೆದ್ದರೆ ಈಡುಗಾಯಿ ಹೊಡೆಸುತ್ತೇನೆ ಎಂದೂ ಹರಕೆ ಹೊತ್ತಿದ್ದಾರೆ. ಪೂಜಾರಪ್ಪ ಭಕ್ತಿಯಿಂದ ಮಂಗಳಾರತಿ ಮಾಡಿ, ನಿಮ್ಮ ಮನೆಯ ಬಾಣಂತಿಗೆ ಒಳ್ಳೆಯದಾಗಲಿ ಎಂದು ಹೂವು ಕೊಟ್ಟು ಕಳಿಸಿದ್ದಾರೆ.

ಸಂಜೆಗೆ ಪಕ್ಕದ ಬೀದಿಯ ಇಬ್ಬರು ಹೆಂಗಸರು ಬಂದರು. ಒಬ್ಬರ ಕೈಯಲ್ಲಿ ಒಣಶುಂಠಿ, ಬೆಳ್ಳುಳ್ಳಿ, ಮೆಣಸು. ಇನ್ನೊಬ್ಬರ ಕೈಯಲ್ಲಿ ಸಬ್ಬಸಿಗೆ ಸೊಪ್ಪು. ಕೂತು, ಹಾಲು ಕುಡಿದು, ಅದೂ ಇದೂ ಮಾತಾಡಿ, ಕೊನೆಗೆ ಮೆಲ್ಲಗೆ, ಗಂಡೋ ಹೆಣ್ಣೋ ಎಂದು ನನ್ನನ್ನು ಕೇಳಿದರು. ನಾನು ಹಾಲಿನ ಹಸುವಿನ ಪಕ್ಕ ಕಟ್ಟಿದ್ದ ಗಬ್ಬದ ಕಡಸಿನ ವಿಷಯ ಇರಬೇಕೆಂದುಕೊಂಡು, ಇನ್ನೂ ಕರು ಹಾಕಿಲ್ಲ, ದಸರಾ ಹೊತ್ತಿಗೆ ಹಾಕಬಹುದು ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ನಮ್ಮ ಮನೆಯಲ್ಲಿ ಹೆರುವ ವಯಸ್ಸಿನವರು ಯಾರೂ ಇಲ್ಲ. ಊರಿನವರು ಲೆಕ್ಕ ಹಾಕಿ ಹಾಕಿ, ಅತ್ತೆಯ ಮಗಳು, ಅಂದರೆ ತುರುವೇಕೆರೆಗೆ ಕೊಟ್ಟಿರುವ ನನ್ನ ನಾದಿನಿಯೇ ಇರಬೇಕು ಎಂದು ತೀರ್ಮಾನಿಸಿದ್ದರು. ನಾದಿನಿಗೆ ಕಾಲೇಜಿಗೆ ಹೋಗುವ ಮಕ್ಕಳಿದ್ದಾರೆ. ಮರುದಿನ ಬೆಳಗ್ಗೆ ಅವಳದೇ ಫೋನು.

“ಅತ್ಗೆ, ನಾನ್ ಯಾವಾಗ ಹೆತ್ತೆ ಅಂತ ಸ್ವಲ್ಪ ಹೇಳ್ತೀರಾ? ದಂಡಿನಶಿವರದಿಂದ ಚಿಕ್ಕಮ್ಮ ಫೋನ್ ಮಾಡಿ ಅಳ್ತಾವ್ರೆ, ನಮ್ಗೆ ಒಂದ್ ಮಾತು ಹೇಳ್ಲಿಲ್ಲ ಅಂತ.”

ಅವಳು ಮೊದಲು ಸಿಟ್ಟಿನಲ್ಲೇ ಇದ್ದಳು. ನಾನು ಬ್ಯಾಸ್ಕೆಟ್‌ಬಾಲಿನಿಂದ ಹಿಡಿದು ಗುಡಿಯವರೆಗೆ ಎಲ್ಲ ಹೇಳಿದ ಮೇಲೆ ಆ ಕಡೆಯಿಂದ ಸದ್ದೇ ಇಲ್ಲ. ಫೋನು ಕಟ್ಟಾಯಿತೆಂದುಕೊಂಡೆ. ನೋಡಿದರೆ ಅವಳು ನಗುವುದಕ್ಕೆ ಕೂತುಬಿಟ್ಟಿದ್ದಳು. ತಂದಿದ್ದ ಸಬ್ಬಸಿಗೆ ಸೊಪ್ಪಿನಲ್ಲಿ ನಾವು ಅಕ್ಕಿರೊಟ್ಟಿ ಮಾಡಿಕೊಂಡೆವು. ನನ್ನ ಗಂಡ ಆ ವಾರ ಕೊಬ್ಬರಿ ಮಾರುಕಟ್ಟೆಗೆ ಹೋದಾಗ ಅಲ್ಲಿಯೂ ಯಾರೋ ಅಭಿನಂದಿಸಿದರಂತೆ. ಅವರು ಬಂದು, ಇನ್ನು ಮೇಲೆ ಅಮ್ಮನಿಗೆ ಆ ಆಟಗಾರ್ತಿಯ ಹೆಸರು ಬಾಯಿಪಾಠ ಮಾಡಿಸು ಎಂದು ನನಗೆ ಹೇಳಿ ಒಳಗೆ ಹೋದರು. ಹೋಗುವಾಗ ಅವರೂ ನಗುತ್ತಿದ್ದರು.

ಗೆಳತಿಗೆ ಈ ಕತೆಯನ್ನು ಧ್ವನಿ ಮುದ್ರಿಸಿ ಕಳಿಸಿದೆ. ಅದರ ಹಿಂದೆಯೇ, ನಾನು ಅತ್ತೆಗೆ ಆಟ ಹೇಳುವುದು ಹೀಗೆ ಎಂದು ಒಂದು ಬೆಳಗಿನ ತುಣುಕನ್ನೂ ಕಳಿಸಿದೆ. ಅದರಲ್ಲಿ ಹಾಲು ಪಾತ್ರೆಗೆ ಬೀಳುವ ಸದ್ದೂ ಇತ್ತು. ಅವಳು ಅದನ್ನು ತನ್ನ ಶಾಲೆಯ ಹುಡುಗಿಯರಿಗೆ ಕೇಳಿಸಿದ್ದಾಳೆ. ಆ ಹುಡುಗಿಯರು ಸ್ವಲ್ಪ ದಿನದಲ್ಲೇ ತಿಪಟೂರಿಗೆ ಪಂದ್ಯ ಆಡಲು ಬರುವವರಿದ್ದರು. ನೀನೇ ಬಂದು ಮೈಕಿನಲ್ಲಿ ಹೀಗೇ ಆಟ ಹೇಳಬೇಕಂತೆ, ಹುಡುಗಿಯರು ಹಟ ಹಿಡಿದಿದ್ದಾರೆ ಎಂದು ಗೆಳತಿ ಫೋನು ಮಾಡಿದಳು. ನಾನು ಆಗುವುದಿಲ್ಲ ಎಂದೆ. ಹಸುವಿನ ಮುಂದೆ ಹೇಳುವುದು ಬೇರೆ, ಜನರ ಮುಂದೆ ಹೇಳುವುದು ಬೇರೆ ಎಂದೆ. ಅವಳು ಒಪ್ಪಲಿಲ್ಲ. ಅತ್ತೆಯಂತೂ ಆ ದಿನಕ್ಕೆ ಯಾವ ಸೀರೆ ಉಡುವುದೆಂದು ಆಗಲೇ ಪೆಟ್ಟಿಗೆ ತೆಗೆದಿದ್ದರು.

ಪಂದ್ಯ ನಡೆದದ್ದು ನಾನು ಆಡಿ ಬೆಳೆದ ಅಂಗಳದಲ್ಲೇ. ಆಗ ಮಣ್ಣಿನದಾಗಿತ್ತು, ಈಗ ಸಿಮೆಂಟಾಗಿದೆ. ಸುತ್ತ ಕೂತ ಜನ ಮಕ್ಕಳ ತಂದೆತಾಯಿಯರು. ಕಂದಿಕೆರೆ, ಹುಳಿಯಾರು ಕಡೆಯಿಂದ ಬಂದವರು, ಕೆಲವರು ಕುರಿ ಬಿಟ್ಟು ಬಂದವರು. ಮಗಳು ಆಡುತ್ತಾಳೆ ಎಂದು ಗೊತ್ತು, ಏನು ಆಡುತ್ತಾಳೆ ಎಂದು ಗೊತ್ತಿಲ್ಲ. ಮೈಕು ಕೈಗೆ ಬಂತು. ಈಗ ಪಂದ್ಯ ಆರಂಭವಾಗಲಿದೆ ಎಂದು ರೇಡಿಯೋದವರ ಹಾಗೆ ಏನೋ ಹೇಳಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಆಟ ಶುರುವಾಗಿ ಒಂದು ಚೆಂಡು ಬುಟ್ಟಿಗೆ ಬಿದ್ದರೂ ನಾನು ಸುಮ್ಮನೇ ನಿಂತಿದ್ದೆ.

ಮುಂದಿನ ಸಾಲಿನಲ್ಲಿ ಕೂತಿದ್ದ ಅತ್ತೆ ಎದ್ದು ಬಂದರು. ಬಿಸಿಲಿಗೆಂದು ಅದೇ ಕಪ್ಪು ಕನ್ನಡಕ ಹಾಕಿದ್ದರು. ಮೇಜಿನ ಹತ್ತಿರ ನಿಂತು, ಮೈಕಿನಲ್ಲಿ ಎಲ್ಲರಿಗೂ ಕೇಳುವಂತೆಯೇ ಹೇಳಿದರು.

“ಇವ್ರನ್ನ ನೋಡ್ಬೇಡ ಬುಡು. ನಂಗೆ ಕಣ್ ಕಾಣ್ಸಲ್ಲ ಅಂದ್ಕೊ. ನಂಗೆ ಹೇಳು.”

ಜನ ನಕ್ಕರು. ನಾನು ಅತ್ತೆಯ ಕಡೆಗೆ ಸ್ವಲ್ಪ ತಿರುಗಿ ನಿಂತು ಹೇಳತೊಡಗಿದೆ. ಎರಡು ಜುಟ್ಟಿನ ಹುಡುಗಿ ಚೆಂಡು ಕಸಿದಳು, ಎದುರಿನವಳು ಬಾಗಿಲಿಗೆ ಅಡ್ಡ ನಿಂತ ಎಮ್ಮೆಯ ಹಾಗೆ ದಾರಿ ಬಿಡುತ್ತಿಲ್ಲ, ಇವಳು ಪಕ್ಕದಿಂದ ನುಸುಳಿದಳು, ಎಸೆದಳು, ಅಂಚಿಗೆ ತಾಕಿ ಚೆಂಡು ಬೀಳಲೋ ಬೇಡವೋ ಎಂದು ಯೋಚಿಸುತ್ತಿದೆ, ಬಿತ್ತು, ಎರಡು. ಸ್ವಲ್ಪ ಹೊತ್ತಿಗೆಲ್ಲ ಅಂಗಳದ ಸುತ್ತ ಕೂತವರು ಚೆಂಡು ಎದ್ದಾಗಲೆಲ್ಲ ಸದ್ದು ನಿಲ್ಲಿಸಿ ಕಾಯತೊಡಗಿದರು. ಒಬ್ಬ ಯಜಮಾನರು, ಟವೆಲ್ಲು ಹೆಗಲ ಮೇಲೆ ಹಾಕಿಕೊಂಡವರು, ತಮ್ಮ ಮಗಳಿಗೆ ಯಾರೋ ಮೊಣಕೈ ತಾಗಿಸಿದ್ದಕ್ಕೆ ಎದ್ದು ನಿಂತು ಅದು ತಪ್ಪಲ್ಲವೇನ್ರಿ ಎಂದು ನನ್ನನ್ನೇ ಕೇಳಿದರು. ತಪ್ಪೇ, ಅದಕ್ಕೆ ದಂಡವಾಗಿ ನಿಮ್ಮ ಮಗಳಿಗೆ ಎರಡು ಎಸೆತ ಸಿಕ್ಕಿದೆ, ಕೂತುಕೊಳ್ಳಿ ಎಂದೆ. ಗೆಳತಿಯ ತಂಡ ಕೊನೆಯಲ್ಲಿ ಸ್ವಲ್ಪದರಲ್ಲಿ ಸೋತಿತು. ಹುಡುಗಿಯರು ಅಳುವುದಕ್ಕೂ ಸಮಯ ಸಿಗದಂತೆ ಅಪ್ಪ ಅಮ್ಮಂದಿರು ಅವರನ್ನು ಮುತ್ತಿಕೊಂಡು, ನೀನು ಅಲ್ಲಿ ಯಾಕೆ ಹಾಗೆ ಹಾಕಿದೆ, ಇಲ್ಲಿ ಯಾಕೆ ಹೀಗೆ ಬಿಟ್ಟೆ ಎಂದು ಕೇಳುತ್ತಿದ್ದರು. ಅದನ್ನು ನೋಡಿ ಗೆಳತಿ, ಇಷ್ಟು ವರ್ಷದಲ್ಲಿ ಇವರು ಒಬ್ಬರೂ ಹೀಗೆ ಕೇಳಿರಲಿಲ್ಲ ಕಣೇ ಎಂದಳು.

ಸೆಪ್ಟೆಂಬರಿನ ಮಳೆ ಹಿಡಿದ ದಿನಗಳಲ್ಲಿ ಬಾಣಂತಿ ಮತ್ತೆ ಆಟಕ್ಕಿಳಿದಳು. ಕಾಲಿಗೆ ದಪ್ಪ ಪಟ್ಟಿ ಸುತ್ತಿದ್ದರು. ಮೊದಲಿನಷ್ಟು ಎಗರುತ್ತಿರಲಿಲ್ಲ, ಆದರೆ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತಿದ್ದಳು. ಚೆಂಡು ತಾನಾಗಿ ಅವಳ ಹತ್ತಿರಕ್ಕೆ ಬರುತ್ತಿತ್ತು. ತಂಡ ಮತ್ತೆ ಗೆಲುವಿಗೆ ತಿರುಗಿತು. ಹಾಗೇ ಕೊನೆಯ ಸುತ್ತಿಗೂ ಬಂದಿತು. ಅಲ್ಲಿ ಒಂದೇ ಎದುರಾಳಿಯ ಜೊತೆ ಮತ್ತೆ ಮತ್ತೆ ಆಡಬೇಕು, ಹೆಚ್ಚು ಗೆದ್ದವರಿಗೆ ಪಟ್ಟ. ಒಂದು ಇವರು, ಒಂದು ಅವರು ಎಂದು ಸಮಸಮವಾಗಿ ನಡೆದು, ಎಲ್ಲ ಒಂದೇ ಪಂದ್ಯಕ್ಕೆ ಬಂದು ನಿಂತಿತು.

ಆ ಬೆಳಗ್ಗೆಯೇ ನಮ್ಮ ಗಬ್ಬದ ಕಡಸಿಗೆ ನೋವು ಬರಬೇಕೇ! ನನ್ನ ಗಂಡ ಕೊಬ್ಬರಿ ತುಂಬಿದ ಗಾಡಿಯ ಜೊತೆ ಆಗಲೇ ತಿಪಟೂರಿಗೆ ಹೊರಟುಹೋಗಿದ್ದರು. ದನದ ಡಾಕ್ಟರಿಗೆ ಫೋನು ಮಾಡಿದೆ, ಬರುತ್ತೇನೆ, ಬರುವವರೆಗೆ ಹೆದರಬೇಡಿ ಎಂದರು. ಚೊಚ್ಚಲು ಹಸು ಅದು. ಮಲಗುತ್ತಿತ್ತು, ಏಳುತ್ತಿತ್ತು, ನನ್ನನ್ನು ನೋಡಿ ದೊಡ್ಡ ಕಣ್ಣು ಬಿಡುತ್ತಿತ್ತು. ನಾನು ಅದರ ಬೆನ್ನು ತೀಡುತ್ತಾ ಪಕ್ಕದಲ್ಲೇ ಕೂತೆ. ಫೋನಿನ ಕಡೆ ತಿರುಗುವಂತೆಯೇ ಇರಲಿಲ್ಲ.

ಅತ್ತೆ ಡಬ್ಬಕ್ಕೆ ಒರಗಿಸಿದ್ದ ಫೋನು ಎತ್ತಿಕೊಂಡು ಕಲ್ಲುಹಾಸಿನ ಮೇಲೆ ಕೂತರು. ಇವತ್ತು ನಾನು ಹೇಳುತ್ತೇನೆ, ನೀನು ಹಸು ನೋಡಿಕೋ ಎಂದರು. ನನಗೆ ಬೇಕಾಗಿದ್ದದ್ದು ಯಾರು ಎಷ್ಟು ಅಂಕ ಎಂಬುದು. ಅತ್ತೆ ಹೇಳುತ್ತಿದ್ದದ್ದು ಬೇರೆ. ಜಡೆಯವಳ ಮುಖ ಯಾಕೋ ಬಾಡಿದೆ, ಬೆಳಗ್ಗೆ ಏನೂ ತಿಂದಿಲ್ಲ ಅನ್ನಿಸುತ್ತದೆ. ಗರಿಯವಳು ಆ ಕಡೆಯ ಹುಡುಗಿಯನ್ನು ಗುರಾಯಿಸಿದಳು, ಹಿಂದೆ ಏನೋ ಜಗಳ ಆಗಿರಬೇಕು. ಕೋಚು ಬೆವರು ಒರೆಸಿಕೊಳ್ಳುತ್ತಿದ್ದಾರೆ, ಸಂಕಟ ಆಗುತ್ತಿರಬೇಕು ಪಾಪ.

“ಸ್ಕೋರ್ ಎಷ್ಟು ನೋಡಿ ಅತ್ತೆ, ಕೆಳಗೆ ಬರೆದಿರ್ತದೆ.”

“ಸ್ಕೋರಿರ್ಲಿ ತಡಿ. ಬಾಣಂತಿ ನೀರು ಕುಡೀತಾವ್ಳೆ.”

ಕರುವಿನ ಮುಂಗಾಲುಗಳು ಕಂಡವು. ಕಾಲ ಮೇಲೆ ಮೂತಿ ಇಟ್ಟುಕೊಂಡು ಸರಿಯಾಗಿಯೇ ಬರುತ್ತಿತ್ತು. ಒಣ ಗೋಣಿಬಟ್ಟೆಯಲ್ಲಿ ಹಿಡಿದು, ಹಸು ತಿಣುಕಿದಾಗ ಮಾತ್ರ ಮೆಲ್ಲಗೆ ಎಳೆದೆ. ಹಿಂದೆ ಅತ್ತೆಯ ದನಿ ಏರತೊಡಗಿತು. ಈಗ ಅವರು ನನ್ನ ಮಾತುಗಳನ್ನೇ ಹೇಳುತ್ತಿದ್ದರು. ಜಡೆಯವಳು ತಟ್ಟಿಕೊಂಡು ಬಂದಳು, ಇಬ್ಬರು ಅಡ್ಡ ಬಂದರು, ಬಿಡುತ್ತಿಲ್ಲ, ಗರಿಯವಳಿಗೆ ಕೊಟ್ಟಳು, ಅವಳು ಬಾಣಂತಿಗೆ ಕೊಟ್ಟಳು, ದೂರ ನಿಂತಿದ್ದಾಳೆ, ಎಸೆದಳು. ಅಲ್ಲಿಗೆ ಅತ್ತೆ ನಿಲ್ಲಿಸಿಬಿಟ್ಟರು. ಕರು ಜಾರಿ ನನ್ನ ಮಡಿಲಿಗೆ ಬಿತ್ತು. ಬಿಸಿಬಿಸಿ, ಒದ್ದೆ, ಬೆಚ್ಚಿದ ಕಣ್ಣು. ಅದರ ಮೂಗು ಬಾಯಿ ಒರೆಸುತ್ತಾ, ಬಿತ್ತಾ ಅತ್ತೆ ಎಂದೆ. ತಿರುಗಿ ನೋಡಿದರೆ ಅತ್ತೆ ಫೋನನ್ನು ಎದೆಗೆ ಒತ್ತಿಕೊಂಡು ಕೂತಿದ್ದಾರೆ.

“ಬಿತ್ತು ಕಣವ್ವ. ಎರಡೂ ಬಿದ್ವು.”

ಹೆಣ್ಣುಕರು. ಡಾಕ್ಟರು ಬಂದಾಗ ಅದು ಕಾಲು ಕೊಡವಿ ನಿಲ್ಲಲು ನೋಡುತ್ತಿತ್ತು. ಎಲ್ಲ ಸರಿಯಾಗಿದೆ, ಇಷ್ಟು ಸಲೀಸಾಗಿ ಚೊಚ್ಚಲು ಆಗುವುದು ಕಡಿಮೆ ಎಂದರು. ಅತ್ತೆ ಅವರಿಗೆ ಕಾಫಿ ಕೊಡುತ್ತಾ ಮೊದಲು ಹೇಳಿದ್ದು ಕರುವಿನ ವಿಷಯವನ್ನಲ್ಲ. ಅವರು ಲೋಟ ಹಿಡಿದುಕೊಂಡು, ಯಾರು ಗೆದ್ದರು, ಎಲ್ಲಿ ಎಂದು ಎರಡು ಸಲ ಕೇಳಿ, ಕೊನೆಗೆ ಸಂತೋಷ ಎಂದು ಹೇಳಿ ಹೊರಟರು.

ಈಡುಗಾಯಿಗೆ ಆ ಶುಕ್ರವಾರ ನಾವೆಲ್ಲ ಗುಡಿಗೆ ಹೋದೆವು. ನನ್ನ ಗಂಡ ತೋಟದಿಂದ ಚೀಲ ತುಂಬ ಕಾಯಿ ಸುಲಿದು ತಂದಿದ್ದರು, ಹೊಡೆದವರೂ ಅವರೇ. ತುರುವೇಕೆರೆಯಿಂದ ನಾದಿನಿ ಬಂದಳು. ಬಂದವಳೇ ಪೂಜಾರಪ್ಪನ ಮುಂದೆ ನಿಂತು, ಸ್ವಾಮಿ, ನೀವು ಹರಸಿದ ಬಾಣಂತಿ ನಾನೇ ಎಂದು ಗಂಭೀರವಾಗಿ ಹೇಳಿದಳು. ಪೂಜಾರಪ್ಪನಿಗೆ ಅಷ್ಟರಲ್ಲಿ ಎಲ್ಲ ತಿಳಿದಿತ್ತು. ಆದರೂ ಈ ಸಲ ಸಂಕಲ್ಪ ಹೇಳುವಾಗ ನನ್ನ ಕಡೆ ನೋಡಿ, ಸರಿಯಾದ ಹೆಸರು ಹೇಳಮ್ಮ ಎಂದರು. ಹೇಳಿದೆ. ಅವರ ಬಾಯಲ್ಲಿ ಅದು ಯಾವುದೋ ಹಳೆಯ ಸಂಸ್ಕೃತ ಹೆಸರಿನ ಹಾಗೆ ಕೇಳಿಸಿತು. ಒಡೆದ ಕಾಯಿಯ ಹೋಳುಗಳನ್ನು ನೆರೆದವರೆಲ್ಲ ಸೆರಗಿಗೆ, ಟವೆಲ್ಲಿಗೆ ಆಯ್ದುಕೊಂಡರು. ಶುಂಠಿ ತಂದಿದ್ದ ಹೆಂಗಸಿಗೆ ಅತ್ತೆ ತಾವೇ ಎರಡು ಹೋಳು ಹೆಚ್ಚಿಗೆ ಕೊಟ್ಟರು.

ಕೆಲವು ದಿನಗಳಾದ ಮೇಲೆ ಗೆದ್ದ ತಂಡವನ್ನು ಅವರ ಊರಿನಲ್ಲಿ ಮೆರವಣಿಗೆ ಮಾಡಿದರು. ಅದರ ವಿಡಿಯೋವನ್ನು ಗೆಳತಿ ಮಧ್ಯಾಹ್ನ ಕಳಿಸಿದಳು. ಅತ್ತೆ ಊಟದ ತಟ್ಟೆ ಪಕ್ಕಕ್ಕಿಟ್ಟು, ಕನ್ನಡಕ ಒರೆಸಿಕೊಂಡು, ತಾವೇ ನೋಡುತ್ತೇನೆ ಎಂದರು. ತೆರೆದ ಬಸ್ಸಿನ ಮೇಲೆ ಎಲ್ಲರೂ ನಿಂತಿದ್ದರು. ಜಡೆಯವಳು ಕುಣಿಯುತ್ತಿದ್ದಳು. ಗರಿಯವಳು ರಸ್ತೆಗೆ ಬಾಗಿದ ಮರದ ಕೊಂಬೆಗೆ ಕೈ ಎತ್ತಿ ಎಲೆ ಕಿತ್ತಳು. ಬಾಣಂತಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ಇನ್ನೊಂದು ಕೈಯಲ್ಲಿ ಗೆದ್ದ ಬಹುಮಾನದ ಬಟ್ಟಲು ಹಿಡಿದಿದ್ದಳು. ಮಗು ಗದ್ದಲಕ್ಕೆ ಹೆದರಿ ಅವಳ ಕತ್ತಿಗೆ ಮುಖ ಒತ್ತಿಕೊಂಡಿತ್ತು.

ಅತ್ತೆ ಅಲ್ಲಿ ನಿಲ್ಲಿಸು ಎಂದರು. ನಿಲ್ಲಿಸಿದೆ. ಪರದೆಯನ್ನು ಹತ್ತಿರಕ್ಕೆ ತಂದುಕೊಂಡು ಬಹಳ ಹೊತ್ತು ಆ ಮಗುವನ್ನೂ ಅವಳನ್ನೂ ನೋಡಿದರು.

“ಇಷ್ಟ್ ಜನ ಅವ್ರಲ್ಲ, ಒಬ್ರಾದ್ರೂ ಮಗೀನ ಈಸ್ಕೊಬಾರ್ದಾ? ಕಾಲ್ ನೋಯ್ತಿರ್ತದೆ ಅವ್ಳಿಗೆ. ಒಂದ್ಗಳಿಗೆ ಕೂತ್ಕೊಳ್ಲಿ.”

ಆಮೇಲೆ ಫೋನನ್ನು ನನ್ನ ಕೈಗೆ ಕೊಟ್ಟು, ಮುಂದಿನದನ್ನು ಹೇಳು ಎಂದು ಗೋಡೆಗೆ ಒರಗಿ ಕಣ್ಣು ಮುಚ್ಚಿದರು.